ಮಾರಿದ ಮನೆಯ ಅಟ್ಟದಲ್ಲಿ ನಮ್ಮ ಕಾಯಿ

ಆಗ ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮೂಟೆಯೊಳಗೆ ಕೈ ಹಾಕಿ ಒಂದು ಉಂಡೆ ಕೊಬ್ಬರಿ ಎತ್ತಿದರೆ ಸಾಕು, ಅದು ಅಟ್ಟದ ಮೇಲೆ ಎಷ್ಟು ತಿಂಗಳು ಕೂತು ಒಣಗಿದೆ ಅಂತ ಹೇಳಿಬಿಡುತ್ತಿದ್ದೆ. ಅಂಥ ನಾನು ಸ್ವಂತ ಮನೆ ಮಾರುವಾಗ ತಲೆಯ ಮೇಲೇ ಇದ್ದ ನಾಲ್ಕು ಸಾವಿರ ಕಾಯಿಯನ್ನು ಮರೆತೆ. ಮಂಡಿಯಲ್ಲಿ ಈ ಕಥೆ ಗೊತ್ತಾದ ಮೇಲೆ ಹಮಾಲಿಗಳು ಬಹಳ ದಿನ ನನ್ನನ್ನು ನೋಡಿ ನಕ್ಕರು. ನಗಲಿ ಬಿಡಿ, ನಗುವ ವಿಷಯವೇ.

ಮನೆ ಇದ್ದದ್ದು ಮಾಯಸಂದ್ರದಲ್ಲಿ. ನಮ್ಮಪ್ಪ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿದ್ದು. ಅವರು ಹೋದ ಮೇಲೆ ಅಲ್ಲಿ ಉಳಿದವರು ಅವ್ವ, ನನ್ನ ಹೆಂಡತಿ, ನಾನು. ಬೆಳಿಗ್ಗೆ ತುರುವೇಕೆರೆ ಮೇಲೆ ಹೋಗುವ ಬಸ್ಸು ಹಿಡಿದರೆ ಮಂಡಿ ಮುಟ್ಟುವಷ್ಟರಲ್ಲಿ ಹರಾಜು ಶುರುವಾಗಿರುತ್ತಿತ್ತು. ಮಂಡಿ ಯಜಮಾನರು ಬೈಯುತ್ತಿರಲಿಲ್ಲ, ಗಡಿಯಾರದ ಕಡೆ ನೋಡುತ್ತಿದ್ದರು, ಅಷ್ಟೆ. ಕೊನೆಗೆ ತಿಪಟೂರಿನಲ್ಲೇ ಒಂದು ಪುಟ್ಟ ತಾರಸಿ ಮನೆ ಕೊಳ್ಳುವುದು, ಊರಿನ ಮನೆ ಮಾರುವುದು, ತೋಟ ಮಾತ್ರ ಇಟ್ಟುಕೊಳ್ಳುವುದು ಅಂತಾಯಿತು. ಅವ್ವನೂ ಒಪ್ಪಿದಳು.

ಮನೆ ಮಾರಿದರೆ ದುಡ್ಡು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಮಾರುವುದಕ್ಕೂ ದುಡ್ಡು ಬೇಕು ಅನ್ನುವುದು ನನಗೆ ಒಂದೊಂದಾಗಿ ಗೊತ್ತಾಯಿತು. ಗಿರಾಕಿ ತಂದ ಸೈಕಲ್ ಶಾಪಿನವನಿಗೆ ದಲ್ಲಾಳಿ ಕಮಿಷನ್. ಅವನು ಬಂದಾಗಲೆಲ್ಲ ಕಾಫಿ, ಅದು ಕಮಿಷನ್ನಿಗೆ ಸೇರುವುದಿಲ್ಲ. ಪಂಚಾಯ್ತಿಯಲ್ಲಿ ನಿಂತುಹೋಗಿದ್ದ ಕಂದಾಯ ಕಟ್ಟದೆ ಖಾತೆ ನಕಲು ಕೊಡುವುದಿಲ್ಲ ಅಂದರು. ಮನೆಯ ಮೇಲೆ ಸಾಲ ಇಲ್ಲ ಅನ್ನುವುದಕ್ಕೆ ಋಣಭಾರ ಪತ್ರ ಬೇಕು, ಅದಕ್ಕೆ ತುರುವೇಕೆರೆಗೆ ಮೂರು ಸಲ ಓಡಾಟ. ಛಾಪಾ ಕಾಗದ ಕೊಳ್ಳುವವರದು, ಪತ್ರ ಬರೆಯುವವರ ಫೀಜು ಅರ್ಧ ನಮ್ಮದು, ಅವತ್ತಿನ ಊಟ ಪೂರ್ತಿ ನಮ್ಮದು. ಸಾಮಾನು ಸಾಗಿಸುವ ಲಾರಿ ಬಾಡಿಗೆ ಬೇರೆ. ಇದರ ಮೇಲೆ ಗೋಡೆಗೆ ಸುಣ್ಣ, ಒಡೆದ ಹೆಂಚು ಬದಲಾಯಿಸುವ ಕೂಲಿ. ಹೆಂಚಿನವನು ಮಾಡಿನ ಮೇಲೆ ಕೂತಿದ್ದಾಗ ಅವ್ವ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಾ ಅಂದಳು:

"ನಾವಿದ್ದಷ್ಟು ದಿನಾನೂ ಸೋರ್ತು. ಬುಟ್ಟು ಹೋಗೋ ಹೊತ್ನಲ್ಲಿ ರಿಪೇರಿ ಮಾಡುಸ್ತೀಯ. ಈ ಮನೆ ನಮ್ಮುನ್ನ ನೋಡಿ ನಗಲ್ವೇನ್ಲಾ?"

ಎಲ್ಲವನ್ನೂ ಮಂಡಿಯ ಅಭ್ಯಾಸದಂತೆ ಒಂದು ಹಾಳೆಯಲ್ಲಿ ಬರೆದಿಟ್ಟೆ. ಕಟ್ಟಕಡೆಯ ಸಾಲು: ತಂಗಿಯ ರುಜುವಿಗೆ, ಒಂದು ಸೀರೆ. ಅಪ್ಪ ಉಯಿಲು ಬರೆದಿರಲಿಲ್ಲವಾದ್ದರಿಂದ ಅವ್ವ, ನಾನು, ತಂಗಿ ಮೂವರೂ ರುಜು ಹಾಕಬೇಕಿತ್ತು. ತಂಗಿಯನ್ನು ಕೊಟ್ಟದ್ದು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿಗೆ. ಅವಳು ಪಾಲು ಕೇಳಿರಲಿಲ್ಲ. "ಅಣ್ಣಯ್ಯ, ಯಾವತ್ತು ಬರ್ಬೇಕು ಅಂತ ಹೇಳು, ಬತ್ತೀನಿ" ಅಂತಷ್ಟೇ ಹೇಳಿ ಕಳಿಸಿದ್ದಳು. ಒಳ್ಳೆಯ ಸೀರೆಯನ್ನೇ ತಂದಿದ್ದೆ. ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಇತ್ತು ಅಂತಲೂ ಹೇಳಬೇಕು.

ಮುಂಗಡ ತಗೊಂಡಿದ್ದಾಗಿತ್ತು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿಕೊಡುವ ಮಾತಾಗಿತ್ತು. ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅವ್ವನಿಗೆ ಹಾಳೆಯನ್ನು ಓದಿ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡಳು.

"ಎಲ್ಲಾ ಬಂತಾ?"

"ಎಲ್ಲಾ ಬಂತು ಕಣವ್ವ."

ಅವಳು ಗಲ್ಲವನ್ನು ಮೇಲಕ್ಕೆತ್ತಿ ಅಡಿಗೆ ಮನೆಯ ಅಟ್ಟವನ್ನು ತೋರಿಸಿದಳು.

ನಮ್ಮ ಕಡೆ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ವರ್ಷ ಮುಟ್ಟಬಾರದು. ಅಟ್ಟದ ತಳ ಅಡಕೆ ಮರ ಸೀಳಿದ ದಬ್ಬೆಯದು. ಸಂದಿನಲ್ಲಿ ಕೆಳಗಿನ ಒಲೆಯ ಹೊಗೆ ಏರಿ ಕಾಯಿಗೆ ತಾಕುತ್ತಿರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾದಾಗ ಅದು ಕೊಬ್ಬರಿ. ನಡುವೆ ಇಳಿಸಿದರೆ ಅದು ಅತ್ತ ಹಸಿಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಕೊಳ್ಳುವವನು ಹೇಳಿದ್ದೇ ರೇಟು. ನಮ್ಮ ಕಾಯಿ ಅಟ್ಟಕ್ಕೆ ಏರಿ ಮೂರೇ ತಿಂಗಳಾಗಿತ್ತು. ತಿಪಟೂರಿನ ತಾರಸಿ ಮನೆಯಲ್ಲಿ ಅಟ್ಟವೇ ಇರಲಿಲ್ಲ.

"ಹೋಗ್ಲಿ ಬುಡವ್ವ, ಇಳಿಸಿ ಮಾರಾನ. ಬಂದಷ್ಟು ಬರ್ಲಿ" ಅಂದೆ.

"ಮಾರಾಕೆ ಅವು ನಿನ್ನವಲ್ಲ ಕಣ್ಲಾ."

ಆಗ ಹೇಳಿದಳು. ತಂಗಿಯ ಗಂಡನಿಗೂ ಮೂವತ್ತು ನಲವತ್ತು ಮರ ಇತ್ತು. ಆದರೆ ಅವರದು ತಗ್ಗು ಗೋಡೆಯ ತಗಡಿನ ಮನೆ, ಅಟ್ಟಕ್ಕೆ ಜಾಗವಿರಲಿಲ್ಲ. ಪ್ರತಿ ವರ್ಷವೂ ಗಾಡಿ ತಂದು ನಿಲ್ಲಿಸಿದವನಿಗೆ ಅವನು ಹೇಳಿದ ರೇಟಿಗೆ ಹಸಿಕಾಯಿ ಸುರಿಯುತ್ತಿದ್ದರು. ಅಲ್ಲಿ ಕೊಬ್ಬರಿ ಆಗಬೇಕಾದದ್ದನ್ನು ಇಲ್ಲಿ ಮಂಡಿಯಲ್ಲಿ ಇನ್ನೊಬ್ಬರ ಮಾಲಾಗಿ ನಾನೇ ತೂಗಿಸಿರಬಹುದು. ಮನೆ ಮಾರುವ ಮಾತು ಬಂದಾಗ ಅವ್ವ ಮಗಳ ಮನೆಗೆ ಹೋಗಿ, "ಈ ಸಲದ ಅಟ್ಟದ ಕಾಯಿ ಪೂರಾ ನಿಂದು. ಕೊಬ್ಬರಿ ಮಾಡಿ ಮಾರಿ ಗೋಡೆ ಎತ್ತರ್ಸಿ ಒಂದು ಅಟ್ಟ ಹಾಕುಸ್ಕೊ" ಅಂತ ಮಾತು ಕೊಟ್ಟು ಬಂದಿದ್ದಳು.

ನನ್ನ ಕೈಯಲ್ಲಿದ್ದ ಹಾಳೆಯ ಕೊನೆಯ ಸಾಲನ್ನು ನೋಡಿದೆ. ಒಂದು ಸೀರೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ನಾನು ಆಗಲೇ ಗಟ್ಟಿಯಾಗಿ ಓದಿ ಹೇಳಿಬಿಟ್ಟಿದ್ದೆನಲ್ಲ.

ಊರಲ್ಲಿ ನಾಲ್ಕಾರು ಮನೆ ತಿರುಗಿದೆ. ಎಲ್ಲರ ಅಟ್ಟವೂ ದೀಪಾವಳಿ ಹೊತ್ತಿಗೇ ತುಂಬಿಹೋಗಿತ್ತು. ಪತ್ರದ ದಿನ ಮುಂದೆ ಹಾಕೋಣ ಅಂದರೆ ತಿಪಟೂರಿನ ಮನೆಯವರಿಗೆ ನಾನು ಬಾಕಿ ಕೊಡುವ ಗಡುವು ಹತ್ತಿರವಾಗಿತ್ತು. ಕೊಳ್ಳುವವರನ್ನೇ ಕೇಳಬಹುದಿತ್ತು, ಬಾಯಿ ಬರಲಿಲ್ಲ. ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಮೊದಲ ಸಲ ಮನೆ ನೋಡಲು ಬಂದಾಗಲೇ ಅಟ್ಟ ನೋಡಿ, "ಇದನ್ನ ಕೀಳಿಸ್ಬುಟ್ರೆ ಒಂದು ಫ್ಯಾನ್ ಹಾಕುಸ್ಬೋದು" ಅಂದಿದ್ದವರು.

ಹೀಗೆ ದಿನ ಕಳೆದು ಪತ್ರದ ದಿನ ಬಂತು. ತುರುವೇಕೆರೆಯ ರಿಜಿಸ್ಟ್ರಾರ್ ಕಚೇರಿಯ ಮುಂದೆ, ಮರದಡಿ ಮೇಜು ಹಾಕಿಕೊಂಡಿದ್ದ ಪತ್ರ ಬರಹಗಾರರ ಸುತ್ತ ನಾವೆಲ್ಲ ಕೂತೆವು. ಒಂದು ಕಡೆ ಅವ್ವ, ಹೊಸ ಸೀರೆ ಉಟ್ಟ ತಂಗಿ, ನಾನು. ಇನ್ನೊಂದು ಕಡೆ ಕಾಂಪೌಂಡರು, ಅವರ ಹೆಂಡತಿ. ಬರಹಗಾರರು ಕನ್ನಡಕ ಏರಿಸಿ ರಾಗವಾಗಿ ಓದಿದರು: "ಸದರಿ ಮನೆ, ಹಿತ್ತಲು, ಬಾಗಿಲು, ಕಿಟಕಿ, ಅಟ್ಟ ಸಮೇತ, ಅದರಲ್ಲಿರತಕ್ಕ ಸಮಸ್ತವನ್ನೂ..."

"ನಿಲ್ಸಪ್ಪಾ ಅಲ್ಲಿ" ಅಂದಳು ಅವ್ವ.

ಬರಹಗಾರರ ಬೆರಳು ಆ ಸಾಲಿನ ಮೇಲೇ ನಿಂತಿತು. ಅವ್ವ ನನ್ನ ಕಡೆ ನೋಡಲಿಲ್ಲ. ನೇರವಾಗಿ ಕಾಂಪೌಂಡರ ಹೆಂಡತಿಗೆ ಹೇಳಿದಳು: "ಅಟ್ಟದ ಮ್ಯಾಲೆ ಕಾಯಿ ಅವೆ ಕಣವ್ವಾ. ಇವಳಿಗೆ ಅಂತ ಮಾತು ಕೊಟ್ಟಿವ್ನಿ. ಇಳ್ಸಿದ್ರೆ ಕೆಟ್ಟೋಯ್ತವೆ. ಏನ್ಮಾಡಾದು ತಿಳೀದು."

ತಂಗಿ ತಲೆ ತಗ್ಗಿಸಿ, "ಇರ್ಲಿ ಬುಡವ್ವ, ಅವರ ಮನೆ ಈಗ" ಅಂದಳು. ಅವಳ ದನಿ ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕಾಂಪೌಂಡರು ಕೆಮ್ಮಿದರು. "ಅಲ್ಲಾ, ನಾನು ಕೊಂಡ್ಕೊಳ್ತಿರೋದು ಮನೆನೋ ಗೋಡೌನೋ?"

"ನೀವು ಸುಮ್ನಿರ್ರಿ. ಅಡಿಗೆ ಮನೇಲಿ ಇರೋಳು ನಾನು" ಅಂದರು ಆಯಮ್ಮ. ಆಮೇಲೆ ಅವ್ವನ ಕಡೆ ತಿರುಗಿ, "ಎಷ್ಟು ತಿಂಗ್ಳಾಯ್ತವ್ವಾ ಹಾಕಿ?"

"ಮೂರು ತುಂಬಿ ನಾಲ್ಕಕ್ಕೆ ಬಿತ್ತು."

"ಅಯ್ಯೋ, ಇನ್ನೂ ನೀರು ಲೊಡ್ಡು ಅಂತಾವೆ. ಇಳ್ಸಬ್ಯಾಡಿ. ಒಣಗೋಗಂಟ ಅಲ್ಲೇ ಇರ್ಲಿ. ನೀವು ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗಿ."

ಬರಹಗಾರರು ಲೇಖನಿ ಎತ್ತಿದರು. "ಹಂಗಾರೆ ಷರತ್ತು ಬರೀಬೇಕಾಯ್ತದೆ ಕಣ್ರೀ. ಎಷ್ಟು ತಿಂಗಳು, ಬಾಡಿಗೆ ಎಷ್ಟು?"

"ನಾಲ್ಕು ಜನ ಕೂತು ಆಡಿದ ಮಾತಿಗೆ ಬರ್ಯಾದೇನು ಸ್ವಾಮಿ? ಆ 'ಸಮಸ್ತ' ಅನ್ನೋದೊಂದ ಹೊಡ್ದಾಕಿ, ಸಾಕು" ಅಂದರು ಆಯಮ್ಮ.

ಹೊಡೆದು ಹಾಕಿದರು. ತಂಗಿ ರುಜು ಮಾಡಿದಳು. ಕಾಂಪೌಂಡರು ಫ್ಯಾನಿನ ಆಸೆ ಬಿಟ್ಟು, "ಊಟಕ್ಕೆ ಕೂತಾಗ ಕಾಯಿ ತಲೆ ಮ್ಯಾಲೆ ಬಿದ್ರೆ, ಯಾಕೆ ಅಂತ ಕೇಳಾಕೆ ಅಣ್ಣತಮ್ಮಂದಿರೂ ಇಲ್ಲ ನಂಗೆ" ಅಂದದ್ದಕ್ಕೆ ಎಲ್ಲರೂ ನಕ್ಕೆವು. ಹೋಟೆಲಿನಲ್ಲಿ ಊಟದ ದುಡ್ಡು ನಾನು ಕೊಟ್ಟೆ. ಅವತ್ತು ಅದು ಖರ್ಚು ಅನ್ನಿಸಲಿಲ್ಲ.

ತಿಪಟೂರಿಗೆ ಬಂದ ಮೇಲೆ ಅವ್ವ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಾರಿದ ಮನೆಗೆ ಹೋಗಿಬರುತ್ತಿದ್ದಳು. ಕಾಯಿ ನೋಡಲು ಎರಡು ನಿಮಿಷ ಸಾಕು, ಆದರೂ ಅವಳು ಸಂಜೆಯ ಬಸ್ಸಿಗೇ ವಾಪಸು ಬರುತ್ತಿದ್ದಳು. ಮಳೆಗಾಲದಲ್ಲಿ ಒಮ್ಮೆ ನಾನೂ ಜೊತೆಗೆ ಹೋದೆ. ಅಡಿಗೆ ಮನೆಯಲ್ಲಿ ಮಟ್ಟೆ, ಗರಿ ಉರಿಯುತ್ತಿತ್ತು. ಒದ್ದೆ ಸೌದೆಯ ಹೊಗೆ ಗವ್ ಅಂತ ತುಂಬಿಕೊಂಡಿತ್ತು. ಆಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಕಣ್ಣು ಕೆಂಪಗಾಗಿತ್ತು. ಗೂಡಿನಲ್ಲಿ ಬಟ್ಟೆ ಸುತ್ತಿಟ್ಟ ಒಂದು ಸೀಮೆಎಣ್ಣೆ ಸ್ಟೌ ಕಂಡಿತು. ಹಿತ್ತಾಳೆಯದು, ಒಳ್ಳೆ ಹೊಳಪಿತ್ತು.

"ಸ್ಟೌ ಕೆಟ್ಟೋಗಿದ್ಯಾ ತಾಯಿ? ತಿಪಟೂರಲ್ಲಿ ರಿಪೇರಿಯವನು ಅವನೆ, ತಗೊಂಡೋಗ್ತೀನಿ."

"ಕೆಟ್ಟಿಲ್ಲ ಕಣಣ್ಣಾ. ಬಾಡಿಗೆ ಮನೇಲಿ ಅದ್ರಲ್ಲೇ ಅಡಿಗೆ ಮಾಡ್ತಿದ್ದೆ. ಅದಕ್ಕೆ ಹೊಗೆ ಎಲ್ಲೈತೆ? ಹೊಗೆ ಇಲ್ದಿದ್ರೆ ಮ್ಯಾಲಿನವು ಬೂಷ್ಟು ಹಿಡಿಯಲ್ವಾ?"

ನಾನು ಅವ್ವನ ಮುಖ ನೋಡಿದೆ. ಅವಳಿಗೆ ಮೊದಲ ತಿಂಗಳೇ ಗೊತ್ತಾಗಿತ್ತಂತೆ. ಬೇಡ ಅಂತ ಎಷ್ಟು ಹೇಳಿದರೂ ಆಯಮ್ಮ ಕೇಳಿರಲಿಲ್ಲ. ಅದಕ್ಕೇ ಅವ್ವ ಹೋದಾಗಲೆಲ್ಲ ಸಂಜೆಯವರೆಗೆ ಉಳಿದು, ಅವರನ್ನು ಜಗಲಿಗೆ ಕಳಿಸಿ ತಾನೇ ಒಲೆ ಮುಂದೆ ಕೂತು ರೊಟ್ಟಿ ಬಡಿದು ಬರುತ್ತಿದ್ದದ್ದು.

ದೀಪಾವಳಿ ಮುಗಿದ ವಾರ ಕಾಯಿ ಇಳಿಸಿದೆವು. ತಂಗಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗಿನ ಉಂಡೆ ಗಟಗಟ ಅಂದಿತು. ಅವಳು ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು. "ಎಲ್ಲಾನೂ ಅಲ್ಲಾಡ್ಸ್ಕೊಂಡು ಕೂತ್ರೆ ಸಂಕ್ರಾಂತಿ ಬತ್ತದೆ ಕಣೇ" ಅಂತ ಆಯಮ್ಮ ಗದರಿದ ಮೇಲೆ ನಿಲ್ಲಿಸಿದಳು. ಸುಲಿಯುವವನು ಸುಲಿದ, ಹೆಂಗಸರು ಕೂತು ಚಿಪ್ಪು ಒಡೆದರು. ಚಿಪ್ಪನ್ನು ಮೂಟೆಗೆ ತುಂಬಲು ಹೋದ ನನ್ನನ್ನು ಅವ್ವ ತಡೆದಳು. "ಹೊಗೆ ಕೊಟ್ಟಿದ್ದು ಈ ಒಲೆ. ಚಿಪ್ಪು, ಸಿಪ್ಪೆ ಎಲ್ಲಾ ಈ ಒಲೆಗೇ." ಕೊಬ್ಬರಿಯನ್ನು ಮಂಡಿಗೆ ತಂದಾಗ ಯಜಮಾನರು ಒಂದು ಉಂಡೆಯನ್ನು ಮೂಸಿ ನೋಡಿ, "ಯಾರ ಅಟ್ಟದ್ದಯ್ಯಾ ಇದು?" ಅಂದರು. ನಮ್ಮದು ಅನ್ನಲು ಹೋಗಿ ತಡೆದೆ.

ಮಾರನೆಯ ಬೇಸಿಗೆಯಲ್ಲಿ ತಂಗಿಯ ಮನೆಯ ಗೋಡೆ ಎರಡು ಮೊಳ ಎತ್ತರವಾಯಿತು. ತಗಡು ಇಳಿದು ಹೆಂಚು ಏರಿತು, ಅಡಕೆ ದಬ್ಬೆಯ ಅಟ್ಟ ಬಂತು. ಮೊದಲ ಕಾಯಿ ಹಾಕುವ ದಿನ ನಮಗಿಂತ ಮೊದಲು ಮಾಯಸಂದ್ರಕ್ಕೆ ಕರೆ ಹೋಗಿತ್ತು. ಕಾಂಪೌಂಡರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರು. ತಂಗಿ ಕೆಳಗಿನಿಂದ ಕಾಯಿ ಕೊಟ್ಟಳು. ಅವ್ವ ಏಣಿಯ ಬುಡ ಹಿಡಿದು ನಿಂತಿದ್ದಳು, ನಾನು ಅವ್ವನನ್ನು ಹಿಡಿದಿದ್ದೆ.

ಆಯಮ್ಮ ಮೊದಲ ಕಾಯಿಯನ್ನು ಮೂಲೆಗೆ ಇಟ್ಟು, ಅಲ್ಲಿಂದಲೇ ತಂಗಿಗೆ ಹೇಳಿದರು: "ನಿನ್ ಗಂಡ ಏನಾರ ಪ್ಯಾಟೆಯಿಂದ ಸ್ಟೌ ತಂದ್ರೆ, ಈ ಕಾಯಿ ಪಕ್ಕ ಅಟ್ಟಕ್ಕೇ ಹಾಕ್ಬುಡು ಕಣೇ. ವರ್ಷ ಬುಟ್ಟು ಎರಡ್ನೂ ಇಳ್ಸೀಯಂತೆ."