ಸಾಧುವಿನ ಕಣ್ಣೀರು, ಈರವ್ವನ ಎತ್ತು

ಗೆಳೆಯರೇ, ಇವತ್ತು ಅಬ್ಬಿಗೇರಿಯ ಗುಡಿಕಟ್ಟೆಯ ಮೇಲೆ ಒಬ್ಬ ಸಾಧುವಿನ ಮರ್ಯಾದೆ ಹೋಯಿತು. ನನ್ನದೂ ಸ್ವಲ್ಪ ಹೋಗಿದೆ.

ಪಾದ್ರಿ ಸಾಹೇಬರು ಕೊಟ್ಟುಹೋದ ಅಚ್ಚಿನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ. ಕುಂಪಣಿ ಸರಕಾರದ ಕಾಲದ ಹೊಸ ಓದುಗ ನಾನು, ಪುರಾಣ ಸಾಕಾಗಿದೆ. ಇದು ಅವರ ಕಡೆಯ ಹಳೆಯ ಸಾಧುವೊಬ್ಬ ತನ್ನ ಬಾಳನ್ನು ತಾನೇ ಬರೆದುಕೊಂಡದ್ದು. ಹುಡುಗನಾಗಿದ್ದಾಗ ಪಕ್ಕದವನ ದ್ರಾಕ್ಷಿ ತೋಟ ತುಳಿದು ಹಾಳು ಮಾಡಿದ್ದನಂತೆ. ಅದಕ್ಕಾಗಿ ದೇವರ ಮುಂದೆ ಪುಟಗಟ್ಟಲೆ ಅಳುತ್ತಾನೆ.

ಕೇಳುತ್ತ ಕೂತಿದ್ದ ನಿಂಗಪ್ಪನೂ ಅತ್ತುಬಿಟ್ಟ. ಪ್ರತಿ ವರ್ಷ ಬಿತ್ತುವಾಗ ಪಕ್ಕದ ಈರವ್ವನ ಹೊಲದೊಳಕ್ಕೆ ಬದುವನ್ನು ಇಷ್ಟಿಷ್ಟೇ ಸರಿಸುವ ಅದೇ ನಿಂಗಪ್ಪ.

ಅಲ್ಲೇ ಕೂತು ಕೇಳುತ್ತಿದ್ದ ಈರವ್ವ ನನ್ನನ್ನು ಕೇಳಿದಳು: "ಈ ಸಾಧು ತೋಟದವನ ಮನಿಗೆ ಹೋಗಿ ತಪ್ಪಾತು ಅಂದಾನೇನ್ರಿ?"

ಪುಟ ತಿರುವಿ ನೋಡಿದೆ. ಹೋಗಿರಲಿಲ್ಲ.

"ಇರ್ಲಿ. ನಿಂಗಪ್ಪ ಕಾಕಾ, ಅಳೂದು ಮುಗೀತಂದ್ರ ಬದು ಹಿಂದಕ್ಕ ಸರಸ್ರಿ."

ನಿಂಗಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. "ಅದು ಈಗ ನನಗೂ ದೇವರಿಗೂ ಬಿಟ್ಟ ಮಾತು, ಯವ್ವಾ. ನಡುವ ನೀ ಬರಬ್ಯಾಡ."

"ಆತ್ರಿ," ಎಂದು ಈರವ್ವ ಎದ್ದಳು. "ನಾಳೆ ನಮ್ಮ ಎತ್ತು ನಿಮ್ಮ ಜ್ವಾಳದಾಗ ಮೇಯತಾವು. ಸಂಜಿಗೆ ನಾನೂ ಬಂದು ದೇವರ ಮುಂದ ಅಳತೀನಿ."

ಹೊತ್ತು ಮುಳುಗುವ ಮೊದಲೇ ನಿಂಗಪ್ಪ ಗುದ್ದಲಿ ಹಿಡಿದು ಬದುವಿನ ಕಡೆ ನಡೆದ. ಅವನ ಮನಸ್ಸು ತಿರುಗಿಸಿದ್ದು ಪುಸ್ತಕವೇ ಎಂದು ಪಾದ್ರಿ ಸಾಹೇಬರಿಗೆ ಹೇಳುತ್ತೇನೆ. ಎತ್ತಿನ ಮಾತು ತೆಗೆಯುವುದಿಲ್ಲ.