ಮಾಳಿಂಗಪ್ಪ ಮಾವನ ಎಡಗಡೆಯ ಮಡ್‌ಗಾರ್ಡ್

ನಮ್ಮ ಸೋದರಮಾವ ಮಾಳಿಂಗಪ್ಪ ತಗಡು ಬಡಿಯುವವರು. ಗಬ್ಬೂರಿನಲ್ಲಿ ಹುಟ್ಟಿ, ದೇವದುರ್ಗದ ಬಜಾರಿನಲ್ಲಿ ಟ್ರಂಕು, ಜೋಳದ ಡಬ್ಬಿ ಮಾಡುತ್ತ ಕೆಲಸ ಕಲಿತರು. ಆಮೇಲೆ ರಾಯಚೂರಿಗೆ ಬಂದು ಮಾನ್ವಿ ರಸ್ತೆಯಲ್ಲಿ ಶೆಡ್ ಹಾಕಿದರು. ಅಂಗಡಿಯಲ್ಲಿ ಸಿಗದ ಹಳೆ ಕಾರುಗಳ ಭಾಗಗಳನ್ನು ಕೈಯಿಂದಲೇ ಮಾಡಿಕೊಡುತ್ತಾರೆ. ಅವರ ಸಾಮಾನು ನೋಡಿದರೆ ಯಾರೂ ನಂಬುವುದಿಲ್ಲ: ಬಡಿಯಲು ಹುಣಸೆ ಕಟ್ಟಿಗೆಯ ಕೊಡತಿ, ನಡುವೆ ಕುಳಿ ತೋಡಿದ ಬೇವಿನ ಕೊರಡು, ಹಳೆ ಪ್ಯಾಂಟಿನ ಕಾಲಿಗೆ ಉಸುಕು ತುಂಬಿ ಹೊಲಿದ ಚೀಲ. ಕುಳಿಯ ಮೇಲಿಟ್ಟು ಬಡಿದರೆ ತಗಡು ಉಬ್ಬುತ್ತದೆ, ಚೀಲದ ಮೇಲಿಟ್ಟು ತಟ್ಟಿದರೆ ನಯವಾಗುತ್ತದೆ.

ಟ್ರಂಕು ಮಾಡಿದ ಕೈಯಾದ್ದರಿಂದ ಮಡಿಕೆ, ಮೂಲೆ ಮಾವನಿಗೆ ಸುಲಭ. ಗುಂಡನೆಯ ಉಬ್ಬನ್ನು ಮಾತ್ರ ಕಷ್ಟಪಟ್ಟು ಕಲಿತಿದ್ದರು. ಅದೇ ಉಬ್ಬು ಸೈಫುದ್ದೀನನ ಕೈಗೆ ತಾನಾಗಿ ಬರುತ್ತಿತ್ತು. ಅವನು ಮಾನ್ವಿಯವನು, ಮಾವನಿಗಿಂತ ಬಹಳ ಚಿಕ್ಕವನು. ಶೆಡ್ಡಿನ ಅರ್ಧ ಭಾಗವನ್ನು ಮಾವನೇ ಅವನಿಗೆ ಬಾಡಿಗೆ ಕೊಟ್ಟಿದ್ದರು. ಬರಬರುತ್ತ ಗಿರಾಕಿಗಳು ಮಾವನ ಮುಂದೆಯೇ ನಿಂತು, "ಸೈಫು ಇಲ್ಲೇನ್ರೀ?" ಎನ್ನತೊಡಗಿದರು. ಅವನ ಕೊಡತಿಯ ಸಪ್ಪಳ ನಿಂತರೆ ಮಾವನಿಗೆ ಸಿಟ್ಟು, ಇಷ್ಟು ಬೇಗ ಮುಗಿಸಿದನಲ್ಲ ಎಂದು. ನಿಲ್ಲದಿದ್ದರೆ ಇನ್ನೂ ಸಿಟ್ಟು, ಇಷ್ಟು ಕೆಲಸ ಬಂದಿದೆಯಲ್ಲ ಎಂದು.

"ಉಣ್ಣಾಕ ಕುಂತರೂ ಸೈಫು, ಮಲಗಾಕ ಹೋದರೂ ಸೈಫು. ಅವನ ಹೇಣ್ತಿನೂ ಇಷ್ಟ ಸಲ ಅವನ ಹೆಸರ ತಗೊಳ್ಳಂಗಿಲ್ಲ ಬಿಡ್ರಿ!" ಎಂದು ವೀರಭದ್ರಮ್ಮ ಅತ್ತೆ ನಗುತ್ತಿದ್ದರು.

ಹೀಗಿರುವಾಗ ಮಾನ್ವಿಯ ಅಕ್ಕಿ ಗಿರಣಿಯ ಯಜಮಾನ ಕೊಟ್ರೇಶ ಬಂದರು. ಅವರ ತಂದೆಯ ಕಾಲದ ಅಂಬಾಸಿಡರ್ ಕಾರಿನ ಮುಂದಿನ ಎರಡೂ ಮಡ್‌ಗಾರ್ಡುಗಳು ತುಕ್ಕು ತಿಂದು, ಮೂಲ ಆಕಾರವೇ ಉಳಿದಿರಲಿಲ್ಲ.

"ಎಡಗಡಿದು ನೀವು ಮಾಡ್ರಿ ಮಾಳಿಂಗಪ್ಪ, ಬಲಗಡಿದು ಸೈಫು ಮಾಡ್ಲಿ. ಯಾರದು ಚಲೋ ಆಗ್ತದೋ ಅವ್ರಿಗೇ ಬಾಗಿಲಾ, ಡಿಕ್ಕಿ, ಉಳಿದ ಕೆಲಸ ಎಲ್ಲಾ" ಎಂದರು.

ಮಾವ ಅಂದಿನಿಂದ ಚಹಾಕ್ಕೂ ಏಳಲಿಲ್ಲ. ಅವರ ಮಡ್‌ಗಾರ್ಡ್ ತುಂಬಿದ ಗಲ್ಲದ ಹಾಗೆ ಉಬ್ಬಿಕೊಂಡು ಬಂತು. ಚೆನ್ನಾಗಿಯೇ ಇತ್ತು, ಲೈಟು ಕೂರಿಸುವ ಜಾಗದಲ್ಲಿ ಮಾತ್ರ ಅಂಗೈಗೆ ಸಣ್ಣ ಏರುತಗ್ಗು ಹತ್ತುತ್ತಿತ್ತು. ಶುಕ್ರವಾರ ಮಧ್ಯಾಹ್ನ ಸೈಫುದ್ದೀನ್ ನಮಾಜಿಗೆ ಹೋದಾಗ ಅವನ ಕಡೆ ಇಣುಕಿದರು. ಅವನದು ಸಪಾಟಾಗಿ, ನೀರು ಹರಿದ ಹಾಗೆ ಇಳಿದಿತ್ತು. ಮಾವನ ಎದೆ ಉರಿಯಿತು. ತಮ್ಮದು ಊದಿಕೊಂಡಂತೆ ಕಂಡಿತು. ದಪ್ಪ ತಂತಿಯೊಂದನ್ನು ಅವನ ಮಡ್‌ಗಾರ್ಡಿನ ಮೇಲೆ ಒತ್ತಿ ಬಗ್ಗಿಸಿ, ಆಕಾರ ತೆಗೆದುಕೊಂಡರು.

ಆ ಸಂಜೆಯೇ ಸೈಫುದ್ದೀನ್ ತನ್ನ ಮಡ್‌ಗಾರ್ಡನ್ನು ಮಾನ್ವಿಗೆ ಒಯ್ದ. ಉಳಿದ ಕೆಲಸ ಮನೆಯಲ್ಲೇ ಮುಗಿಸುತ್ತೇನೆ ಎಂದಿದ್ದ. ಮಾವ ತಮ್ಮದನ್ನೂ ಮನೆಗೆ ತಂದು ಶನಿವಾರ, ಭಾನುವಾರ ಅಂಗಳದಲ್ಲಿ ಕೂತರು. ಒಮ್ಮೆ ಹಿಗ್ಗಿದ ತಗಡನ್ನು ಕುಗ್ಗಿಸುವುದು ಬಹಳ ಕಷ್ಟ. ಚೂರುಚೂರೇ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಬೇಕು. ಒತ್ತಿ ಒತ್ತಿ ಉಬ್ಬು ಇಳಿಸಿದರು.

ಸೋಮವಾರ ಗಿರಣಿಯ ಮುಂದೆ ಎರಡನ್ನೂ ಕಾರಿಗೆ ಕೂರಿಸಿದರು. ಕೊಟ್ರೇಶ ಎದುರಿಗೆ ನಿಂತು ನೋಡಿ ಹಣೆ ಬಡಿದುಕೊಂಡರು.

"ಏನ್ರೀ ಇದು? ಒಂದು ಗಲ್ಲ ಬಾತದ, ಒಂದು ಗಲ್ಲ ಒಣಗ್ಯದ! ಹಲ್ಲು ಕಿತ್ತಿಸಿಕೊಂಡವರಂಗ ಕಾಣಾಕತ್ತದ ಗಾಡಿ."

ಮಾವ ಬಲಗಡೆ ನೋಡಿದರು. ಸೈಫುದ್ದೀನನ ಮಡ್‌ಗಾರ್ಡ್ ತುಂಬಿಕೊಂಡಿತ್ತು. ಅದು ಅವರದೇ ಮೊದಲಿನ ಉಬ್ಬು.

ಸೈಫುದ್ದೀನನೂ ಎಡಗಡೆ ನೋಡಿ ಬೆರಗಾದ. "ಕಾಕಾ, ನಿಮ್ಮ ಉಬ್ಬು ಎಲ್ಲಿ ಹೋತು? ಎರಡೂ ಕಡಿ ಒಂದಾ ಥರ ಕಾಣ್ಬೇಕಂತ ನಿಮ್ಮದು ನೋಡೇ ನಾ ನಂದು ಬದಲಿ ಮಾಡೀನಲ್ರೀ!"

ಅವನು ಅಷ್ಟು ಜನರ ಮುಂದೆ ಸಂಕೋಚವಿಲ್ಲದೆ ಹೇಳಿಬಿಟ್ಟ. ಮಾವನಿಗೆ ಅವನ ಆ ಧೈರ್ಯದ ಮೇಲೂ ಹೊಟ್ಟೆಕಿಚ್ಚಾಯಿತು. "ಕಾವು ಹೆಚ್ಚಾತು, ಇಳೀತು" ಎಂದು ಗೊಣಗಿದರು.

ಕೊಟ್ರೇಶ ಬಲಗಡೆಯದನ್ನು ಸವರಿದರು. "ನಮ್ಮಪ್ಪ ಇದ್ದಾಗ ಗಾಡಿ ಹಿಂಗ ಇತ್ತು ನೋಡ್ರಿ. ಇದಾ ಇರ್ಲಿ. ಉಳಿದ ಕೆಲಸ ಸೈಫುಗ."

"ಇದು ಕಾಕಾನ ಆಕಾರ ಅದ್ರೀ ಯಜಮಾನ್ರ" ಎಂದ ಸೈಫುದ್ದೀನ್.

"ಯಾರದರ ಇರ್ಲಿ, ಬಡದವ ನೀನ ಹೌದಲ್ಲ? ಮಾಳಿಂಗಪ್ಪ, ನಿಮ್ಮದನ್ನ ಇದಕ್ಕ ಹೊಂದ್ಸಿ ಕೊಡ್ರಿ" ಎಂದು ಹೇಳಿ ಕೊಟ್ರೇಶ ಒಳಗೆ ಹೋದರು.

ಉಳಿದ ಕೆಲಸ ಮಾವನ ಕೈತಪ್ಪಿತ್ತು. ತಮ್ಮ ಆಕಾರ ಗೆದ್ದಿತ್ತು, ಅದೂ ಇನ್ನೊಬ್ಬನ ಕೈಯಿಂದ. ಮಾವ ಬಲಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸವರಿದರು. ತಮ್ಮದರಲ್ಲಿ ಏರುತಗ್ಗು ಹತ್ತುತ್ತಿದ್ದ ಜಾಗದಲ್ಲಿ ಕೈ ಎಲ್ಲಿಯೂ ತಡೆಯಲಿಲ್ಲ. ಎರಡು ಸಲ ಸವರಿದರು.

"ಲೇ ಸೈಫು" ಎಂದರು, ಹಲ್ಲು ಕಚ್ಚಿದವರ ಹಾಗೆ. "ಈ ಲೈಟಿನ ಹತ್ರ ಹೆಂಗ ಬಡದಿ?"

ಇಷ್ಟು ವರ್ಷದಲ್ಲಿ ಮಾವ ಅವನನ್ನು ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಸೈಫುದ್ದೀನ್ ಉತ್ಸಾಹದಿಂದ ನೆಲದ ಮೇಲೆ ಕೂತು, ಒಳಗಿನಿಂದ ಹೊರಗೆ ಹೇಗೆ ಬಡಿಯಬೇಕೆಂದು ಕೈಯಾಡಿಸಿ ತೋರಿಸತೊಡಗಿದ. ಮಾವ ಒಂದು ಮಾತೂ ಬಿಡದೆ ಕೇಳಿಸಿಕೊಂಡರು. ಅವನ ಕೈಯನ್ನಷ್ಟೇ ನೋಡಿದರು, ಮುಖ ನೋಡಲಿಲ್ಲ.