ಚೀತಾ ಮರಿಗೆ ಉಣಿಸಿದ ಕೈ

ಸಂಜನಾ ನನ್ನ ಅಣ್ಣ ಸರ್ವೋತ್ತಮನ ಮಗಳು. ಅವಳ ವಿಷಯ ಹೇಳಲಿಕ್ಕೆ ಕೂತರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಮೇಲಲ್ಲ ಮಾರಾಯ್ರೆ, ನಮ್ಮವರ ಮೇಲೆ. ಕೇಳುವುದಾದರೆ ಪೂರ್ತಿ ಕೇಳಿ, ನಡುವೆ "ಹೋಗಲಿ ಬಿಡಿ ಶ್ರೀಮತಿಯಕ್ಕ" ಎನ್ನಬೇಡಿ. ಹೋಗಲಿ ಬಿಡಿ ಎಂದು ಹೇಳಿ ಹೇಳಿಯೇ ನಮ್ಮವರು ಹೀಗಾದದ್ದು.

ಠಾಣೆ ರೈಲು ಸ್ಟೇಶನ್ನಿನಲ್ಲಿ ಇಳಿದರೆ ಕೋಪರಿಯಲ್ಲಿ ಅಣ್ಣನ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಬೋರ್ಡಿನಲ್ಲಿ "ಶುದ್ಧ ಶಾಕಾಹಾರಿ" ಎಂಬುದು ಹೋಟೆಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಉಂಟು. ಅತ್ತಿಗೆಗೆ ಅಡಿಗೆಮನೆಯಿಂದ ಬಿಡುವಿಲ್ಲ, ಅಣ್ಣ ಗಲ್ಲೆ ಬಿಟ್ಟು ಏಳುವುದಿಲ್ಲ. ಹಾಗಾಗಿ ಸಂಜುವನ್ನು ಸಾಕಿದ್ದು ನನ್ನ ಅಮ್ಮ. ನಾವು ಕನ್ನಡದಲ್ಲಿ ಕೇಳಿದರೆ ಹುಡುಗಿ ಹಿಂದಿಯಲ್ಲಿ ಉತ್ತರ ಕೊಡುವುದು, ಅಜ್ಜಿಯೊಟ್ಟಿಗೆ ಮಾತ್ರ ತುಳು. ಸಣ್ಣವಳಿರುವಾಗ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿಗೆ ಓಡಿಹೋಗಿ ಕೊಕ್ಕರೆ ನೋಡುತ್ತಾ ನಿಲ್ಲುತ್ತಿದ್ದಳು. ಅಮ್ಮ ಹುಡುಕಿಕೊಂಡು ಹೋಗಿ ಕಿವಿ ಹಿಂಡಿ ಕರೆತರುತ್ತಿದ್ದಳು.

ಅದೇ ಹುಚ್ಚಿನಲ್ಲಿ ಪ್ರಾಣಿಶಾಸ್ತ್ರ ಓದಿದಳು. ಅವಳು ಕಾಲೇಜಿನಲ್ಲಿರುವಾಗ ಅಮ್ಮನಿಗೆ ಲಕ್ವ ಹೊಡೆಯಿತು. ಅಮ್ಮ ಮಡಿ ಹೆಂಗಸು, ಮಲಗಿದಲ್ಲೇ ಆದರೂ ಮಡಿ ಬಿಟ್ಟವಳಲ್ಲ. ಸಂಜು ಮಿಂದು, ಮಡಿಸೀರೆ ಸುತ್ತಿಕೊಂಡು, ಅಜ್ಜಿಗೆ ಗಂಜಿ ಉಣಿಸಿಯೇ ಕಾಲೇಜಿಗೆ ಹೋಗುವುದು. ಬೇರೆಯವರು ಚಮಚ ಹಿಡಿದರೆ ಅಮ್ಮ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದಳು. ಸಂಜು ಊರಿನ ಸುದ್ದಿಯೆಲ್ಲ ಹೇಳುತ್ತಾ ಬಟ್ಟಲು ಖಾಲಿ ಮಾಡಿಸುತ್ತಿದ್ದಳು.

ತೊಂಬತ್ತೇಳರಲ್ಲಿ ಅವಳಿಗೆ ಆಫ್ರಿಕಾದ ನಮೀಬಿಯಾದಿಂದ ಕರೆ ಬಂತು. ಚೀತಾಗಳನ್ನು ಕಾಪಾಡುವ ದೊಡ್ಡದೊಂದು ರಿಸರ್ವ್ ಅಂತೆ, ಅಲ್ಲಿ ಆರು ತಿಂಗಳು ಸ್ವಯಂಸೇವೆ. ಸಂಬಳ ಇಲ್ಲ, ಊಟ ಮತ್ತು ಟೆಂಟು. ನಮ್ಮ ಸಂಬಂಧಿಕರಿಗೆ ಇದು ತಲೆಗೇ ಹೋಗಲಿಲ್ಲ. ಫಾರಿನ್ ಎಂದರೆ ದುಬೈ, ಮಸ್ಕತ್, ಅಲ್ಲಿಂದ ಬರುವಾಗ ಕಂಬಳಿ, ಸೆಂಟು. ಸಂಬಳ ಇಲ್ಲದೆ ಯಾರಾದರೂ ವಿಮಾನ ಹತ್ತುತ್ತಾರಾ? ಆದರೆ ಅಣ್ಣ ಟಿಕೇಟು ತೆಗೆಸಿಕೊಟ್ಟ. ಅದನ್ನು ಇಲ್ಲ ಎನ್ನಲಾರೆ. ಅಮ್ಮನಿಗೆ ಉಣಿಸಲಿಕ್ಕೆ ನಾನು ದಿನಾ ಡೊಂಬಿವ್ಲಿಯಿಂದ ಲೋಕಲ್ ಹಿಡಿದು ಬರುತ್ತಿದ್ದೆ. ಅವಳು ತಿಂದಷ್ಟು ತಿಂದಳು, ಮತ್ತೆ ನನ್ನನ್ನು ಬೈದಳು, ಸಂಜು ಯಾವಾಗ ಬರುವುದು ಎಂದು ಕೇಳಿದಳು.

ಅಲ್ಲಿಂದ ಸಂಜು ಒಂದು ಫೋಟೊ ಕಳಿಸಿದಳು. ಬಿಸಿಲಿಗೆ ಕರ್ರಗಾಗಿ, ಟೊಪ್ಪಿ ಹಾಕಿಕೊಂಡು ಕೂತಿದ್ದಾಳೆ. ಎದುರು ಎರಡು ಚೀತಾ ಮರಿಗಳು, ಪಕ್ಕದಲ್ಲಿ ಬಾಲ್ದಿ. ಅಣ್ಣನಿಗೆ ಎಷ್ಟು ಹೆಮ್ಮೆ ಎಂದರೆ ಅದನ್ನು ಗಲ್ಲೆಯ ಗಾಜಿನಡಿ ಇಟ್ಟು, ಬಿಲ್ಲು ಕೊಡಲು ಬಂದವರಿಗೆಲ್ಲ ತೋರಿಸಿದ. ತೋರಿಸುವ ಮೊದಲು ನೆಟ್ಟಗೆ ನೋಡಲಿಲ್ಲ. ನೋಡಿದವನು ಹೋಟೆಲಿನ ದೊಡ್ಡ ಅಡಿಗೆಯ ಕಿಟ್ಟು ಭಟ್ಟ. "ಬಾಲ್ದಿಯಲ್ಲಿರುವುದು ಎಂತದು ಧಣಿ?" ಎಂದು ಕೇಳಿದನಂತೆ. ಅಣ್ಣ ಅಷ್ಟು ದಿನ ಅದನ್ನು ಬೀಟ್‌ರೂಟ್ ಎಂದುಕೊಂಡಿದ್ದ. ಹೋಟೆಲಿನವನ ಕಣ್ಣು ನೋಡಿ.

ಅದು ಕುದುರೆ ಮಾಂಸ. ದಿನಾ ಬೆಳಿಗ್ಗೆ ಅದನ್ನು ಕತ್ತರಿಸಿ, ಮೇಲೆ ಎಂತದೋ ಪುಡಿ ಉದುರಿಸಿ, ಮರಿಗಳಿಗೆ ಹಾಕುವುದು ಸಂಜುವಿನ ಕೆಲಸ. ಕಿಟ್ಟು ಭಟ್ಟ ಚಟ್ಟುಗ ಕೆಳಗಿಟ್ಟ. ಆ ಹುಡುಗಿ ಒಳಗೆ ಕಾಲಿಟ್ಟರೆ ನಾನು ಊರಿಗೆ ಹೋಗುತ್ತೇನೆ ಎಂದ. ಸಂಜೆಯೊಳಗೆ ಕಲ್ಯಾಣದವರೆಗೆ ಸುದ್ದಿ ಹೋಯಿತು.

ಸೆಪ್ಟೆಂಬರಿನಲ್ಲಿ ಸಂಜು ಬಂದಳು. ಬ್ಯಾಗು ಇಳಿಸಿದವಳೇ ಮಿಂದು, ಮಡಿಸೀರೆ ಸುತ್ತಿಕೊಂಡು, ಗಂಜಿಯ ಬಟ್ಟಲು ಹಿಡಿದು ಅಜ್ಜಿಯ ಕೋಣೆಗೆ ಹೊರಟಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಶುದ್ಧಿ ಆಗದೆ ಅಮ್ಮನನ್ನು ಮುಟ್ಟಬೇಡ."

"ಮೈಂ ನಹಾಕೇ ಆಯೀ ಹೂಂ, ಅಪ್ಪ."

"ಮಿಂದರೆ ಹೋಗುವಂಥದ್ದಲ್ಲ ಅದು."

ಸರಿ, ಶುದ್ಧಿ ಮಾಡಿಸು ಎಂದೆ ನಾನು. ಪುರೋಹಿತರಿಗೆ ಫೋನು ಮಾಡಿದರೆ ಪಿತೃಪಕ್ಷ, ದಿನಾ ಎರಡೆರಡು ಮನೆಯಲ್ಲಿ ಶ್ರಾದ್ಧ, ಪಕ್ಷ ಕಳೆಯದೆ ಪುರುಸೊತ್ತಿಲ್ಲ ಎಂದರು. ಸತ್ತವರಿಗೆ ಊಟ ಹಾಕುವ ಗಡಿಬಿಡಿಯಲ್ಲಿ ಬದುಕಿದ್ದವಳನ್ನು ಕೇಳುವವರಿಲ್ಲ.

ಅಮ್ಮನಿಗೆ ಸಂಜುವಿನ ಸ್ವರ ಕೇಳಿತ್ತಲ್ಲ. ಇನ್ನು ಅವಳೇ ಉಣಿಸಲಿ ಎಂದು ಬಾಯಿ ಮುಚ್ಚಿದಳು. ಅತ್ತಿಗೆ ಕೊಟ್ಟರೆ ಇಲ್ಲ, ನಾನು ಕೊಟ್ಟರೆ ಇಲ್ಲ. ಅವಳ ಹತ್ತಿರ ಎಂತ ಹೇಳುವುದು? ಹುಡುಗಿ ಮುಟ್ಟಾಗಿದ್ದಾಳೆ, ಹೊರಗೆ ಕೂತಿದ್ದಾಳೆ ಎಂದು ಅತ್ತಿಗೆ ಸುಳ್ಳು ಹೇಳಿದಳು. ಅದನ್ನು ಅಮ್ಮ ಒಪ್ಪಿದಳು, ಅವಳ ಶಾಸ್ತ್ರವೇ ಅಲ್ಲವಾ. ಆಮೇಲೆ ಕೇಳಲಿಕ್ಕೆ ಶುರು ಮಾಡಿದಳು, ಸೊಟ್ಟಗಾದ ಬಾಯಲ್ಲಿ, "ಮೂರು ದಿನ ಇನ್ನೂ ಆಗಲಿಲ್ಲವಾ?" ಬೆಳಿಗ್ಗೆ ಕೇಳಿದಳು, ಮಧ್ಯಾಹ್ನ ಕೇಳಿದಳು. ಒಂದೆರಡು ಚಮಚ ನೀರು ಇಳಿದರೆ ಇಳಿಯಿತು.

ಸಂಜು ಹೊಸ್ತಿಲಿನಿಂದ ಆಚೆ ನೆಲದ ಮೇಲೆ ಕೂತಿರುತ್ತಿದ್ದಳು. ನನಗೆ ಅವಳು ಒಂದು ಮರಿಯ ಕತೆ ಹೇಳಿದ್ದು ಅಲ್ಲೇ. ಅದರ ತಾಯಿಯನ್ನು ಯಾರೋ ಜಮೀನಿನವರು ಗುಂಡು ಹೊಡೆದು ಕೊಂದಿದ್ದರಂತೆ. ಮರಿ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ, ಸಾಯುತ್ತದೆ ಎಂದು ಡಾಕ್ಟರೂ ಕೈ ಬಿಟ್ಟಿದ್ದರು. ಇವಳು ಅದರ ಹತ್ತಿರ ಕೂತು ತುಳುವಿನಲ್ಲಿ ಮಾತಾಡಿಸುತ್ತಾ ಚೂರುಚೂರೇ ತಿನ್ನಿಸಿದಳು. "ಅಜ್ಜೀಕೋ ಜೈಸೇ ಖಿಲಾತೀ ಥೀ, ವೈಸೇ ಹೀ, ಅತ್ತೆ," ಎಂದಳು, ಅಜ್ಜಿಗೆ ಉಣಿಸುತ್ತಿದ್ದ ಹಾಗೆಯೇ ಅಂತೆ. ಅದು ಬದುಕಿತು.

ನನಗೆ ತಡೆಯಲಿಲ್ಲ. ಕೆಳಗಿಳಿದು, ಗಿರಾಕಿಗಳಿದ್ದರೂ ಸರಿ ಎಂದು, ಗಲ್ಲೆಯ ಎದುರು ನಿಂತೆ.

"ಅಣ್ಣ, ಕಳಂಬೋಲಿಯಲ್ಲಿ ನಿನ್ನ ಪಾಲಿರುವ ಬಾರು, ಆ ಪರ್ಮಿಟ್ ರೂಮು ಉಂಟಲ್ಲ, ಲಾರಿಯವರಿಗೆ ಅಲ್ಲಿ ಕೋಳಿ ಕತ್ತರಿಸಿ ಹಾಕುವುದು ಯಾರು? ಪುರೋಹಿತರಾ?"

"ಮೆಲ್ಲ ಮಾತಾಡು. ಅದು ಧಂದೆ."

"ಧಂದೆಗೆ ಮೈಲಿಗೆ ಇಲ್ಲ, ತಬ್ಬಲಿ ಮರಿಗೆ ಹಾಕಿದರೆ ಉಂಟಾ?"

"ಊರವರ ಬಾಯಿಗೆ ನೀನು ಬೀಗ ಹಾಕುತ್ತೀಯಾ? ಅಷ್ಟು ಕನಿಕರ ಇದ್ದರೆ ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು."

ಹೋಗುತ್ತೇನೆ ಎಂದೆ. ನಮ್ಮದು ಮೂರನೇ ಮಾಳಿಗೆ, ಲಿಫ್ಟಿಲ್ಲ. ನಮ್ಮ ಯಜಮಾನರು ಕುರ್ಚಿಯಲ್ಲಿ ಹೊತ್ತು ಹತ್ತಿಸಲಿಕ್ಕೆ ಜನ ಗೊತ್ತುಮಾಡಿದರು, ಆಂಬುಲೆನ್ಸಿಗೆ ಹೇಳಿದರು. ಭಾನುವಾರ ಕರೆತರುವುದು ಎಂದಾಯಿತು. ಅಮ್ಮ ಶುಕ್ರವಾರವೇ ಹೋದಳು. ದಿನಕ್ಕೆ ಸಾವಿರ ಜನರಿಗೆ ಊಟ ಹಾಕುವವನ ತಾಯಿ ಹಸಿದು ಹೋದಳು.

ಅಮ್ಮನನ್ನು ನೆಲಕ್ಕೆ ಇಳಿಸಿದ ಮೇಲೆ ಅಣ್ಣ ಸಂಜುವಿಗೆ ಹೇಳಿದ, "ಈಗ ಬೇಕಾದರೆ ಮುಟ್ಟು. ಹೇಗೂ ಎಲ್ಲರಿಗೂ ಸೂತಕ." ಅವಳು ಮುಟ್ಟಲಿಲ್ಲ. ಅಲ್ಲೇ ಗೋಡೆಗೆ ಒರಗಿ ನಿಂತಳು. ನಾನು ಅಣ್ಣನ ಮುಖ ನೋಡಿದೆ, ಎರಡು ಬಾರಿಸಬೇಕು ಎಂದು ಕಂಡಿತು. ಹೆಣದ ಎದುರು ಬೇಡ ಎಂದು ಸುಮ್ಮನಾದೆ.

ಹನ್ನೊಂದನೆಯ ದಿನ ಪುರೋಹಿತರು ಹೋಮ ಮಾಡಿ, ಸೂತಕ ಕಳೆಯಲಿಕ್ಕೆಂದು ಮನೆಯವರನ್ನೆಲ್ಲ ಸಾಲಾಗಿ ಕೂರಿಸಿದರು. ಒಂದೇ ಬಟ್ಟಲಿನ ಪಂಚಗವ್ಯ ಎಲ್ಲರ ಅಂಗೈಗೂ ಹಾಕುತ್ತಾ ಬಂದರು. ಅಣ್ಣ ಕುಡಿದ, ಅತ್ತಿಗೆ ಕುಡಿದಳು.

"ಸಂಜುವಿನ ಶುದ್ಧಿಯೂ ಇದರಲ್ಲೇ ಆಯಿತಲ್ಲ ಭಟ್ರೇ?" ಎಂದು ಅಣ್ಣ ಕೇಳಿದ. "ಬೇರೆ ಮಾಡಿಸಬೇಕೆಂದಿಲ್ಲವಲ್ಲ?"

"ಆಯಿತು, ಆಯಿತು. ಎಲ್ಲ ಇದರಲ್ಲೇ ಬಂತು," ಎಂದರು ಪುರೋಹಿತರು.

ಸಂಜು ಅಂಗೈಯಲ್ಲಿದ್ದದ್ದನ್ನು ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಆಮೇಲೆ, ನಾವು ಯಾರೂ ಅವಳ ಬಾಯಲ್ಲಿ ಕೇಳದಂಥ ಒಳ್ಳೆ ಕನ್ನಡದಲ್ಲಿ, ಅಪ್ಪನನ್ನೇ ನೋಡುತ್ತಾ ಕೇಳಿದಳು.

"ಈಗ ನಾನು ಅಜ್ಜಿಗೆ ಗಂಜಿ ಉಣಿಸಬಹುದಾ?"